ಕಾಲ್ ಲಾಗ್ ನೋಡಿದ ಮೇಲೆ ಗೊತ್ತಾದ ಸಮಯ

ನನ್ನ ಹಳೆ ಫೋನಿನಲ್ಲಿ ಆ ರಾತ್ರಿಯ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಇನ್ನೂ ಉಂಟು. 11:22ಕ್ಕೆ ಪಕ್ಕದ ಮನೆ ಇಚ್ಚನಿಗೆ, 11:23ಕ್ಕೆ ಮತ್ತೆ ಅವರಿಗೇ, ಯಾಕಂದ್ರೆ ಮೊದಲನೇ ಸಲ ಎತ್ತಿರ್ಲಿಲ್ಲ, 11:40ಕ್ಕೆ ಮಂಗಳೂರಲ್ಲಿರುವ ತಮ್ಮನಿಗೆ, 12:31ಕ್ಕೆ ಆಂಬುಲೆನ್ಸಿನವರಿಗೆ. ಇದನ್ನು ಯಾಕೆ ಇಟ್ಕೊಂಡಿದ್ದೇನೆ ಅಂದ್ರೆ ಮಂಗಳೂರಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆಯೇ ಮಗನಿಗೆ ಫಿಟ್ಸ್ ಶುರುವಾಗಿ ಎಷ್ಟು ಹೊತ್ತಾಯ್ತು ಅಂತ. ನಾನು "ಹತ್ತು ನಿಮಿಷ ಬಂದದ್ದು" ಅಂದೆ. ನಮ್ಮವರು "ಒಂದು ಗಂಟೆ" ಅಂದ್ರು. ಫೋನಲ್ಲಿ ಅತ್ತೆ "ಎಂತ ಹತ್ತು ನಿಮಿಷ, ಐದೇ ನಿಮಿಷ" ಅಂತ ಅಳ್ತಾ ಇದ್ರು. ಡಾಕ್ಟ್ರು ಮೂರೂ ಕೇಳಿ "ಫೋನ್ ಕೊಡಿಯಮ್ಮ, ಮೊದಲು ಯಾರಿಗೆ ಕಾಲ್ ಮಾಡಿದ್ದು" ಅಂದ್ರು. ಆಗ ಗಂಟೆ 1:25.

2019 ಜುಲೈ, ಆಟಿ ತಿಂಗಳು, ಜೋರು ಮಳೆ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಕಂಗಿನ ತೋಟದ ನಡುವೆ. ಮಗನಿಗೆ 2 ವರ್ಷ 4 ತಿಂಗಳು, ಎರಡು ದಿನದಿಂದ ಜ್ವರ. ಅವನಿಗೆ ಒಂದು ವರ್ಷ ದಾಟಿದಾಗ ಒಮ್ಮೆ ಜ್ವರದಲ್ಲಿ ಫಿಟ್ಸ್ ಬಂದಿತ್ತು, ಎರಡು ನಿಮಿಷದಲ್ಲಿ ನಿಂತಿತ್ತು, ಆಗ ತೋರಿಸಿದ ಕಡೆ ಇದು ಮಕ್ಕಳಿಗೆ ಬರ್ತದೆ, ಐದು ವರ್ಷ ಆದ ಮೇಲೆ ಹೋಗ್ತದೆ, ಹೆದರಬೇಡಿ ಅಂತ ಹೇಳಿ ಕಳಿಸಿದ್ರು. ಅದು ಸುಳ್ಳೇನೂ ಅಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರ್ತದಂತೆ, ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಆದ್ರೆ ಅದರ ಜೊತೆಗೆ ಇನ್ನೊಂದು ಮಾತು ಹೇಳ್ಬೇಕಿತ್ತು, ಮುಂದೆ ಯಾವತ್ತಾದ್ರೂ ಬಂದು ಐದು ನಿಮಿಷದಲ್ಲಿ ನಿಲ್ಲದಿದ್ರೆ ಏನು ಮಾಡ್ಬೇಕು ಅಂತ. ಆ ಒಂದು ವಾಕ್ಯ ನಮಗೆ ಯಾರೂ ಹೇಳ್ಲಿಲ್ಲ, ಕೇಳ್ಬೇಕು ಅಂತ ನಮಗೂ ಗೊತ್ತಿರ್ಲಿಲ್ಲ.

ಕರೆಂಟ್ ಇರ್ಲಿಲ್ಲ. ಮಲಗಿದ್ದಲ್ಲೇ ಅವನ ಬಲಗೈ ಹಾರ್ತಾ ಇತ್ತು, ನಾನು ನಿದ್ದೆಯಲ್ಲಿ ಸೊಳ್ಳೆ ಓಡಿಸ್ತಿದ್ದಾನೆ ಅಂದ್ಕೊಂಡೆ. ಟಾರ್ಚ್ ಹಾಕಿ ನೋಡಿದ್ರೆ ಬಾಯಿ ಬಲಕ್ಕೆ ಎಳೀತಾ ಉಂಟು, ಕಣ್ಣು ಎರಡೂ ಬಲಮೂಲೆಗೆ ಹೋಗಿ ನಿಂತಿದೆ, ಬಲಗಾಲೂ ಶುರುವಾಯ್ತು. ಮೊದಲ ಸಲ ಇಡೀ ಮೈ ಒಟ್ಟಿಗೆ ಅಲುಗಿತ್ತು, ಇದು ಹಾಗಲ್ಲ, ಒಂದೇ ಬದಿ. ಅದಕ್ಕೆ ಅರ್ಥ ಉಂಟು ಅಂತ ಆಮೇಲೆ ಗೊತ್ತಾಯ್ತು, ಒಂದೇ ಬದಿಗೆ ಬರುವುದು, ಹದಿನೈದು ನಿಮಿಷ ದಾಟುವುದು, ಒಂದೇ ದಿನದಲ್ಲಿ ಮತ್ತೆ ಬರುವುದು, ಈ ಮೂರರಲ್ಲಿ ಒಂದಿದ್ರೂ ಅದನ್ನು ಸಾದಾ ಜ್ವರದ ಫಿಟ್ಸ್ ಅಂತ ಬಿಡೋ ಹಾಗಿಲ್ಲ.

ಮನೆಯಲ್ಲಿ ನಡೆದದ್ದು ಹೇಳ್ಲಿಕ್ಕೆ ನಾಚಿಕೆ ಆಗ್ತದೆ, ಆದ್ರೂ ಹೇಳ್ತೇನೆ. ಅತ್ತೆ ಓಡಿ ಹೋಗಿ ಕಬ್ಬಿಣದ ಬೀಗದ ಕೈ ತಂದು ಅವನ ಮುಷ್ಟಿಗೆ ಇಟ್ರು. ಮಾವ ನೀರುಳ್ಳಿ ಜಜ್ಜಿ ಮೂಗಿಗೆ ಹಿಡಿದ್ರು. ನಾನು, ಬಿಎಡ್ ಓದಿದ ನಾನು, ನಾಲಿಗೆ ಕಚ್ಚಿಕೊಳ್ತಾನೆ ಅಂತ ಚಮಚ ತುರುಕಿದೆ, ಮುಂದಿನ ಹಲ್ಲಿನ ತುದಿ ಮುರಿದು ರಕ್ತ ಬಂತು. ಯಾರೂ ಅವನನ್ನು ಒಂದು ಮಗ್ಗುಲಿಗೆ ತಿರುಗಿಸ್ಲಿಲ್ಲ. ಯಾರೂ ಗಡಿಯಾರ ನೋಡ್ಲಿಲ್ಲ. ಬಾಲಗ್ರಹ ಅಂತ ಅತ್ತೆ ಹೇಳಿದ್ದಕ್ಕೆ ನಾನು ಬೈದೆ, ಆದ್ರೆ ಅವರ ಬೀಗದ ಕೈಯಿಂದ ಮಗುವಿಗೆ ಒಂದು ಗೀರೂ ಆಗ್ಲಿಲ್ಲ, ನನ್ನ ಚಮಚದಿಂದ ಹಲ್ಲು ಹೋಯ್ತು.

ಇಚ್ಚ ಲುಂಗಿಯಲ್ಲೇ ಕಾರ್ ತಂದ್ರು. ಹತ್ತಿರದ ಆಸ್ಪತ್ರೆಗೆ ಬದಿಯಡ್ಕ ಕಡೆ ಹೊರಟದ್ದು. ದಾರಿಯಲ್ಲಿ ಉಕ್ಕಿನಡ್ಕ. ಅಲ್ಲಿ ಕಾಸರಗೋಡು ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸ ಆದದ್ದು, ನಾವು ಆ ರಾತ್ರಿ ಅದರ ಎದುರಿಂದ ಹೋಗುವಾಗ ಕತ್ತಲಲ್ಲಿ ನಿಂತ ಬರೀ ಕಟ್ಟಡ. ಇಚ್ಚ "ಪೇಡಿಕ್ಕಂಡ, ಪೇಡಿಕ್ಕಂಡ" ಅಂತ ಹೇಳ್ತಾ ಹೊಂಡಗಳ ಮೇಲೆ ಹಾರಿಸ್ತಾ ಇದ್ರು. ಹೆದರಬೇಡ ಅಂತ ಹೇಳುವವರ ಕೈಯೇ ಸ್ಟಿಯರಿಂಗ್ ಮೇಲೆ ನಡುಗ್ತಾ ಇತ್ತು.

ಆಸ್ಪತ್ರೆಯಲ್ಲಿದ್ದ ಡ್ಯೂಟಿ ಡಾಕ್ಟ್ರು ಚಿಕ್ಕ ಪ್ರಾಯದವರು. ಕೈಯಲ್ಲಿ ನರ ಸಿಗ್ಲಿಲ್ಲ, ಮಗು ದುಂಡಗಿದ್ದಾನೆ, ಜ್ವರಕ್ಕೆ ಒಣಗಿಯೂ ಇದ್ದಾನೆ, ಎರಡು ಕಡೆ ಚುಚ್ಚಿ ಬಿಟ್ಟು ಕೊನೆಗೆ ಗುದದ್ವಾರದಲ್ಲಿ ಫಿಟ್ಸ್ ನಿಲ್ಲಿಸುವ ಮದ್ದು ಡಯಾಜೆಪಾಮ್ ಕೊಟ್ರು. ಕೈ ಕಾಲು ಹಾರುವುದು ನಿಧಾನ ಆಯ್ತು, ನಿಂತಿತು. 12:20 ಇರ್ಬೇಕು. "ನಿಂತಿದೆ, ಈಗ ನಿದ್ದೆ, ಆದ್ರೂ ಮಂಗಳೂರಿಗೆ ಕರ್ಕೊಂಡು ಹೋಗಿ" ಅಂದ್ರು. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರ, ತಲಪಾಡಿ, ಆಂಬುಲೆನ್ಸಿನಲ್ಲಿ ಅವನ ತಲೆ ಸವರ್ತಾ ಕೂತಿದ್ದೆ. ಕೆಳತುಟಿಯ ಬಲಮೂಲೆ ಸಣ್ಣದಾಗಿ ಪಟಪಟ ಅಂತಿತ್ತು, ಚಳಿಗೆ ಅಂತ ಶಾಲು ಹೊದಿಸಿದೆ.

ಚಳಿಯಲ್ಲ. ಮಂಗಳೂರಿನ ಡಾಕ್ಟ್ರು ರೆಪ್ಪೆ ಎತ್ತಿದ್ರು, ಕಣ್ಣು ಇನ್ನೂ ಬಲಕ್ಕೇ ಎಳ್ಕೊಂಡಿತ್ತು, ತುಟಿ ನೋಡಿದ್ರು, "ಇವನು ನಿದ್ದೆ ಮಾಡ್ತಿಲ್ಲ, ಫಿಟ್ಸ್ ಇನ್ನೂ ನಡೀತಾ ಉಂಟು" ಅಂದ್ರು. ಆ ಮಾತು ಕೇಳಿ ನಾನು ಅಲ್ಲೇ ನೆಲದಲ್ಲಿ ಕೂತೆ. ಹೊರಗಿನ ಹಾರಾಟ ನಿಂತ್ರೂ ಮೆದುಳಿನೊಳಗೆ ಕರೆಂಟ್ ಓಡ್ತಾನೇ ಇರ್ಬಹುದು, ಕೆಲವು ಸಲ ಮೆದುಳಿನ ಕರೆಂಟ್ ನೋಡುವ ಇಇಜಿ ಹಾಕದೆ ಡಾಕ್ಟ್ರುಗಳಿಗೂ ಖಚಿತ ಆಗುವುದಿಲ್ಲ. ಅದಕ್ಕೇ ಮೊದಲ ಆಸ್ಪತ್ರೆಯ ಆ ಹುಡುಗನನ್ನು ದೂರ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ, ಒಮ್ಮೊಮ್ಮೆ ಬರ್ತದೆ, ಮತ್ತೆ ಹೋಗ್ತದೆ.

ಲೊರಾಜೆಪಾಮ್ ಕೊಟ್ರು, ಆಗ್ಲಿಲ್ಲ. ಲೆವೆಟಿರಸಿಟಮ್ ಏರಿಸಿದ್ರು, ಪೂರ್ತಿ ನಿಲ್ಲಲಿಲ್ಲ. ಫಾಸ್‌ಫೆನಿಟಾಯಿನ್. ಕೊನೆಗೆ ಮಿಡಜೋಲಮ್ ಡ್ರಿಪ್, ಅದಕ್ಕೆ ಉಸಿರು ನಿಧಾನ ಆಗ್ತದೆ ಅಂತ ವೆಂಟಿಲೇಟರ್. ಕೇಸ್ ಶೀಟಿನಲ್ಲಿ ನಿಂತ ಸಮಯ 1:52 ಅಂತ ಬರ್ದಿದ್ರು. 11:22ರಿಂದ ಲೆಕ್ಕ ಹಾಕಿ ನೋಡಿ, ಎರಡೂವರೆ ಗಂಟೆ.

ಮಾರನೇ ದಿನ ಒಬ್ಬರು ಹಿರಿಯ ಡಾಕ್ಟ್ರು, ಮಕ್ಕಳ ನ್ಯೂರಾಲಜಿಯವರು, ಐಸಿಯು ಹೊರಗೆ ಬೆಂಚಿನಲ್ಲಿ ನಮ್ಮ ಪಕ್ಕವೇ ಕೂತು ಹೇಳಿದ್ರು. ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳ್ತೇನೆ. ಮೆದುಳಲ್ಲಿ ಎಬ್ಬಿಸುವ ಸಿಗ್ನಲ್ ಬೇರೆ, ತಣಿಸುವ ಸಿಗ್ನಲ್ ಬೇರೆ. ತಣಿಸುವುದಕ್ಕೆ ಗಾಬಾ ಅಂತ ಒಂದು ವಸ್ತು, ಅದು ಬಂದು ಕೂರುವ ಜಾಗಗಳು ನರಕೋಶದ ಹೊರಮೈಯಲ್ಲಿ ಇರ್ತವೆ, ನಮ್ಮ ಡಯಾಜೆಪಾಮ್, ಲೊರಾಜೆಪಾಮ್, ಮಿಡಜೋಲಮ್ ಎಲ್ಲ ಕೆಲಸ ಮಾಡುವುದು ಆ ಜಾಗಗಳ ಮೂಲಕವೇ. ಫಿಟ್ಸ್ ಉದ್ದ ಆದಷ್ಟೂ ಕೋಶ ಆ ಜಾಗಗಳನ್ನು ಒಳಗೆ ಎಳ್ಕೊಳ್ತದೆ. ಅಂದ್ರೆ ಪಂಪ್ ಆಫ್ ಮಾಡುವ ಸ್ವಿಚ್ಚು ಗೋಡೆಯಿಂದ ಒಳಗೆ ಹೋಗಿಬಿಟ್ಟ ಹಾಗೆ, ನೀವು ಹೊರಗೆ ತಡಕಾಡ್ತಾ ಇರಿ. ಐದನೇ ನಿಮಿಷದಲ್ಲಿ ನಿಲ್ಲಿಸುವ ಮದ್ದು ಐವತ್ತನೇ ನಿಮಿಷದಲ್ಲಿ ಸೋಲುವುದು ಇದರಿಂದಲೇ. ಅದೇ ಹೊತ್ತಿಗೆ ಎಬ್ಬಿಸುವ ಬದಿಯ ಬಾಗಿಲು ಹೆಚ್ಚು ತೆರ್ಕೊಳ್ತದೆ, ಕೋಶದೊಳಗೆ ಕ್ಯಾಲ್ಸಿಯಂ ನುಗ್ತದೆ, ಕೋಶ ಸಾಯ್ತದೆ. ಬಾವಿಯಲ್ಲಿ ನೀರು ಮುಗಿದ ಮೇಲೂ ಪಂಪ್ ಓಡಿದ್ರೆ ಕಾಯಿಲ್ ಸುಟ್ಟು ಹೋಗುವುದು ತೋಟ ಇರುವವರಿಗೆ ಗೊತ್ತುಂಟಲ್ಲ, ನಮ್ಮವರು ಅದನ್ನೇ ಹೇಳಿದ್ರು, ಡಾಕ್ಟ್ರು "ಪೂರ್ತಿ ಸರಿಯಲ್ಲ, ಆದ್ರೆ ಹೆಚ್ಚುಕಮ್ಮಿ ಹಾಗೇ" ಅಂದ್ರು.

ಐದು ನಿಮಿಷ ಅನ್ನುವುದು ಅವರು ಸುಮ್ನೆ ಹೇಳಿದ್ದಲ್ಲ. ಮೊದಲೆಲ್ಲ 30 ನಿಮಿಷ ದಾಟಿದ್ರೆ ಮಾತ್ರ ಸ್ಟೇಟಸ್ ಎಪಿಲೆಪ್ಟಿಕಸ್, ಅಂದ್ರೆ ನಿಲ್ಲದೆ ಮುಂದುವರಿಯುವ ಫಿಟ್ಸ್, ಅಂತಿದ್ರು. ಈಗ ಐಎಲ್‌ಎಇ ಅಂತ ಅಪಸ್ಮಾರದ ತಜ್ಞರ ಅಂತಾರಾಷ್ಟ್ರೀಯ ಸಂಘದವರು 2015ರಲ್ಲಿ ಎರಡು ಗೆರೆ ಎಳೆದಿದ್ದಾರೆ. ಇಡೀ ಮೈ ಅಲುಗುವ ಫಿಟ್ಸ್ ಆದ್ರೆ ಐದನೇ ನಿಮಿಷಕ್ಕೆ ಚಿಕಿತ್ಸೆ ಶುರು ಆಗ್ಬೇಕು, ಯಾಕಂದ್ರೆ ಆಮೇಲೆ ತನ್ನಷ್ಟಕ್ಕೆ ನಿಲ್ಲುವ ಸಾಧ್ಯತೆ ಕಡಿಮೆ. ಮೂವತ್ತನೇ ನಿಮಿಷದಿಂದ ಆಚೆ ಮೆದುಳಿಗೆ ಉಳಿಯುವಂಥ ಪೆಟ್ಟು ಬೀಳುವ ಅಪಾಯ. ಮಗನಿಗೆ ಹೀಗಾದ ವರ್ಷವೇ, 2019ರ ನವೆಂಬರಿನಲ್ಲಿ, ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು, ಮೊದಲ ಮದ್ದಿಗೆ ನಿಲ್ಲದ ಫಿಟ್ಸಿಗೆ ಲೆವೆಟಿರಸಿಟಮ್, ಫಾಸ್‌ಫೆನಿಟಾಯಿನ್, ವಾಲ್ಪ್ರೊಯೇಟ್ ಮೂರರಲ್ಲಿ ಯಾವುದು ಮೇಲು ಅಂತ ನೋಡಿದ್ದು. ಮೂರೂ ಒಂದೇ, ಸುಮಾರು ಅರ್ಧದಷ್ಟು ಜನರಿಗೆ ನಿಂತಿದೆ. ನಮ್ಮ ಮಗ ಉಳಿದ ಅರ್ಧದಲ್ಲಿ.

ಬೆನ್ನಿನಿಂದ ನೀರು ತೆಗೆದು ನೋಡಿದ್ರು, ಮೆದುಳಿನ ಇನ್ಫೆಕ್ಷನ್ ಇರ್ಲಿಲ್ಲ. ಸಕ್ಕರೆ, ಸೋಡಿಯಂ ಸರಿ ಇತ್ತು. ಮೂರನೇ ದಿನ ಟ್ಯೂಬ್ ತೆಗೆದ್ರು. ಕಣ್ಣು ಬಿಟ್ಟ, ನನ್ನನ್ನು ನೋಡಿ ಅತ್ತ, ಆದ್ರೆ ಬಲಗೈ ಎತ್ತಲಿಲ್ಲ. ಫಿಟ್ಸ್ ಆದ ಮೇಲೆ ಸ್ವಲ್ಪ ಹೊತ್ತು ಹೀಗಾಗ್ತದೆ, ಟಾಡ್ಸ್ ಪಾರಾಲಿಸಿಸ್ ಅಂತಾರೆ, ಒಂದೆರಡು ದಿನದಲ್ಲಿ ಹೋಗ್ತದೆ ಅಂತ ನರ್ಸ್ ಹೇಳಿದ್ದಕ್ಕೆ ನಾನು ಗಂಟೆ ಎಣಿಸ್ತಾ ಕೂತೆ. ಗಡಿಯಾರ ನೋಡುವ ಬುದ್ಧಿ ಅಷ್ಟೊತ್ತಿಗೆ ಬಂದಿತ್ತು. 48 ಗಂಟೆ ಕಳೀತು, ಕೈ ಏಳ್ಲಿಲ್ಲ.

ಎಂಆರ್‌ಐಯಲ್ಲಿ ಮೆದುಳಿನ ಎಡಭಾಗ ಊದಿತ್ತು, ಅದರಲ್ಲೂ ಎಡಬದಿಯ ಹಿಪೊಕ್ಯಾಂಪಸ್ ಬೆಳ್ಳಗೆ ಹೊಳೀತಿತ್ತು. ಕಡಲಕುದುರೆಯ ಆಕಾರ ಅಂತ ಅದಕ್ಕೆ ಆ ಹೆಸರು, ನೆನಪು ಕೂಡಿಡುವ ಜಾಗ, ಉದ್ದದ ಫಿಟ್ಸಿಗೆ ಬೇಗ ಪೆಟ್ಟು ತಿನ್ನುವ ಜಾಗವೂ ಹೌದಂತೆ. ಎಂಟು ತಿಂಗಳ ಮೇಲಿನ ಸ್ಕ್ಯಾನಿನಲ್ಲಿ ಊದಿದ್ದೆಲ್ಲ ಕುಗ್ಗಿ ಎಡಬದಿ ಬಲಬದಿಗಿಂತ ಸಣ್ಣದಾಗಿತ್ತು. ಡಾಕ್ಟ್ರ ಕಂಪ್ಯೂಟರಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ದು, ಹೇಳ್ಕೊಡಬೇಕು ಅಂತಲೇ ಇಲ್ಲ, ಯಾರಿಗಾದ್ರೂ ಕಾಣ್ತದೆ.

ನಾನು ಕೇಳಿದೆ, ಐದನೇ ನಿಮಿಷಕ್ಕೆ ಮದ್ದು ಸಿಕ್ಕಿದ್ರೆ ಇದು ಆಗ್ತಿರ್ಲಿಲ್ವ ಅಂತ. ಅವರು ಹೌದು ಅಂತಲೂ ಹೇಳ್ಲಿಲ್ಲ, ಇಲ್ಲ ಅಂತಲೂ ಹೇಳ್ಲಿಲ್ಲ. ಜ್ವರದಲ್ಲಿ ಅರ್ಧ ಗಂಟೆ ದಾಟಿ ಫಿಟ್ಸ್ ಬಂದ ಮಕ್ಕಳಲ್ಲೂ ಸ್ಕ್ಯಾನಿನಲ್ಲಿ ಹಿಪೊಕ್ಯಾಂಪಸ್‌ಗೆ ಹೀಗೆ ಕಾಣುವುದು ಹತ್ತರಲ್ಲಿ ಒಬ್ಬರಿಗೆ ಹತ್ತಿರ, ಉಳಿದವರು ಎದ್ದು ಆಡ್ತಾರೆ, ಕೆಲವರ ಮೆದುಳಲ್ಲಿ ಮೊದಲೇ ಏನೋ ವ್ಯತ್ಯಾಸ ಇರ್ಲಿಕ್ಕೂ ಸಾಕು ಅಂದ್ರು. ಜ್ವರಕ್ಕೆ ಸರಿಯಾಗಿ ಪ್ಯಾರಾಸಿಟಮಾಲ್ ಕೊಟ್ಟಿದ್ರೆ? ಅದು ಮಗುವಿಗೆ ಹಾಯೆನಿಸ್ಲಿಕ್ಕೆ, ಫಿಟ್ಸ್ ತಡೀತದೆ ಅಂತ ಇಲ್ಲ ಅಂದ್ರು. ಈ ಕೊನೆಯ ಮಾತನ್ನು ನಾನು ಅತ್ತೆಗೆ ಮೂರು ಸಲ ಹೇಳಿದೆ, ಅವರು ಆ ಸಂಜೆ ಒಂದು ಡೋಸ್ ಮರ್ತಿದ್ರು.

ಮನೆಗೆ ಬಂದ ಮೇಲೆ ನೋಡ್ಲಿಕ್ಕೆ ಬಂದವರೆಲ್ಲ ಕೇಳಿದ್ದು ಒಂದೇ, "ಎಂಡೋಸಲ್ಫಾನಾ?" ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಮಗುವಿಗೆ ಏನೇ ಆದ್ರೂ ಮೊದಲು ಬರುವ ಹೆಸರು ಅದು, ಬರ್ಬೇಕಾದದ್ದೇ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದನ್ನು ಕಂಡವರು, ಅದರಿಂದ ಮಕ್ಕಳನ್ನು ಕಳ್ಕೊಂಡವರು ನಮ್ಮ ನೆರೆಯವರೇ. ಸಿಂಪಡಣೆ ನಿಂತದ್ದು 2000ದ ಕೊನೆಗೆ, ಮಗ ಹುಟ್ಟಿದ್ದು 2017ರಲ್ಲಿ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸು, ಕ್ಯಾಂಪಿಗೆ ಕರ್ಕೊಂಡು ಹೋಗು, ಏನಾದ್ರೂ ಸಿಗ್ತದೆ ಅಂತ ಸಂಬಂಧಿಕರೊಬ್ಬರು ಹೇಳಿದ್ರು. ಮನಸ್ಸು ಆಚೆ ಈಚೆ ಆಯ್ತು, ದುಡ್ಡು ಬೇಕಿತ್ತು ನಮಗೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನನ್ನ ಫೋನಿನಲ್ಲಿ ಬೇರೆ ಕಾರಣ ಕೂತಿತ್ತಲ್ಲ, ಹೋಗ್ಲಿಲ್ಲ.

ಇನ್ನು ಫಿಸಿಯೋಥೆರಪಿ. ಬಲಗಾಲಿಗೆ ಪ್ಲಾಸ್ಟಿಕ್ ಸ್ಪ್ಲಿಂಟ್, ಬಲಗೈ ಬಳಸ್ಲಿ ಅಂತ ದಿನಕ್ಕೆ ಎರಡು ಗಂಟೆ ಎಡಗೈಗೆ ಸಾಕ್ಸ್ ಹಾಕಿ ಕಟ್ಟುವುದು. ಅವನು ಅಳುವುದು, ನಾನು ಅಳುವುದು, ಅಜ್ಜ ಕದ್ದು ಸಾಕ್ಸ್ ಬಿಚ್ಚುವುದು. ಮಾತು ಪೂರ್ತಿ ಹೋಗಿತ್ತು. ಮೊದಲು "ನೀರ್ ಬೋಡು", ನೀರು ಬೇಕು, ಅಂತ ತುಳುವಿನಲ್ಲಿ ಎರಡು ಪದ ಸೇರಿಸಿ ಹೇಳ್ತಿದ್ದವ ಈಗ ಕೈ ಎಳೆದು ತೋರಿಸ್ತಿದ್ದ. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಇಚ್ಚನ ಮನೆ ಮಕ್ಕಳ ಜೊತೆ ಮಲಯಾಳ, ಎಲ್ಲ ನಿಲ್ಲಿಸಿ ಒಂದೇ ಮಾತಾಡಿ ಅಂತ ಊರಲ್ಲಿ ಎಷ್ಟು ಜನ ಸಲಹೆ ಕೊಟ್ರು. ಮಾತಿನ ಥೆರಪಿಯವರು ಬೇಡ, ಮನೆಯಲ್ಲಿ ಯಾವುದು ಬಾಯಿಗೆ ಬರ್ತದೋ ಅದನ್ನೇ ಮಾತಾಡಿ, ನಿಲ್ಲಿಸದೆ ಮಾತಾಡಿ ಅಂದ್ರು. ನಾಲ್ಕು ತಿಂಗಳ ಮೇಲೆ ವಾಪಸ್ ಬಂದ ಮೊದಲ ಮಾತು "ಬೊಡ್ಚಿ". ಬೇಡ! ಹೇಳಿದ್ದು ಫಿಸಿಯೋದವರಿಗೆ, ಅವರು ಕೈ ಹಿಡಿದ ಕೂಡ್ಲೇ. ಪಾಪ ಅವರಿಗೆ ತುಳು ಬರ್ಲಿಲ್ಲ, ನಾನು ಯಾಕೆ ಚಪ್ಪಾಳೆ ತಟ್ತಾ ಇದ್ದೇನೆ ಅಂತ ಗೊತ್ತಾಗ್ಲಿಲ್ಲ.

2020 ಮಾರ್ಚಿನಲ್ಲಿ ಕೋವಿಡ್ ಅಂತ ಕೇರಳ-ಕರ್ನಾಟಕ ಗಡಿ ಬಂದ್. ತಲಪಾಡಿಯಲ್ಲಿ ಬ್ಯಾರಿಕೇಡ್, ಬೇರೆ ಗಡಿರಸ್ತೆಗಳಿಗೆ ಮಣ್ಣು ಸುರಿದದ್ದು, ಮಂಗಳೂರಿಗೆ ಹೋಗ್ಲಿಕ್ಕಾಗದೆ ಕಾಸರಗೋಡಿನ ರೋಗಿಗಳು ತೀರಿಹೋದದ್ದು ಎಲ್ಲ ಪೇಪರಲ್ಲಿ ಬಂದಿದೆ. ನಮ್ಮ ಡಾಕ್ಟ್ರು ಗಡಿಯಾಚೆ, ಸಿರಪ್ ಸಿಗುವ ಮೆಡಿಕಲ್ ಗಡಿಯಾಚೆ, ಬಾಟ್ಲಿಯಲ್ಲಿ ಉಳಿದದ್ದು ಒಂಬತ್ತು ದಿನದ್ದು. ಫಿಟ್ಸಿನ ಮದ್ದು ತಟ್ಟನೆ ನಿಲ್ಲಿಸಿದ್ರೆ ಅದೇ ಫಿಟ್ಸಿಗೆ ಕಾರಣ ಆಗ್ತದೆ. ಡಾಕ್ಟ್ರು ವಾಟ್ಸಾಪಲ್ಲಿ ಚೀಟಿ ಕಳಿಸಿದ್ರು, ಆಗ ಕೇರಳದಲ್ಲಿ ಫೈರ್ ಫೋರ್ಸಿನವರು ಮನೆಮನೆಗೆ ಮದ್ದು ತಲುಪಿಸ್ತಿದ್ರು, ಆರನೇ ದಿನ ಕೆಂಪು ಜೀಪ್ ನಮ್ಮ ಅಂಗಳಕ್ಕೆ ಬಂತು. ಉಕ್ಕಿನಡ್ಕದ ಅದೇ ಕಟ್ಟಡವನ್ನು ಆ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ರು, ನೋಡಿ.

ಅಂಗವೈಕಲ್ಯದ ಸರ್ಟಿಫಿಕೇಟಿನ ಕತೆ ಉದ್ದ, ಚುಟುಕಾಗಿ ಹೇಳ್ತೇನೆ. ಫಾರ್ಮ್ ಮಲಯಾಳದಲ್ಲಿ, ನಮಗೆ ಓದ್ಲಿಕ್ಕೆ ಬರುವುದು ಕನ್ನಡ, ಇಚ್ಚನ ಮಗಳು ತುಂಬಿಸಿ ಕೊಟ್ಟಳು. ಮೂರು ಸಲ ವಾಪಸ್ ಕಳಿಸಿದ್ರು, ಒಂದು ಸಲ ಸ್ಕ್ಯಾನ್ ರಿಪೋರ್ಟ್ ಕರ್ನಾಟಕದ್ದು ಅಂತ. ಮಗುವಿಗೆ ಸ್ಕ್ಯಾನ್ ಮಾಡುವಾಗ ರಾಜ್ಯ ಕೇಳ್ಕೊಂಡು ಮಾಡ್ಬೇಕಿತ್ತಾ? ಕೊನೆಗೆ ಯುಡಿಐಡಿ ಅಂತ ಅಂಗವಿಕಲರ ಗುರುತಿನ ಕಾರ್ಡ್ ಸಿಕ್ಕಿತು.

ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಡಿಸ್ಚಾರ್ಜ್ ದಿನ ಚೀಟಿಯ ಕೊನೆಗೆ ಬರ್ದ ಒಂದು ಸಾಲು, ಮಿಡಜೋಲಮ್ ನೇಸಲ್ ಸ್ಪ್ರೇ. ಮೂಗಿಗೆ ಹೊಡೆಯುವುದು, ಸೂಜಿ ಬೇಡ, ನರ ಹುಡುಕ್ಲಿಕ್ಕಿಲ್ಲ, ಮನೆಯವರೇ ಕೊಡ್ಬಹುದು. ಮಗುವಿನ ತೂಕ ನೋಡಿ ಡಾಕ್ಟ್ರು ಎಷ್ಟು ಪಫ್ ಅಂತ ಬರೀತಾರೆ, ಕಿಲೋಗೆ 0.2 ಮಿಲಿಗ್ರಾಮ್ ಲೆಕ್ಕ, ನಮ್ಮ ಬಾಟ್ಲಿಯಲ್ಲಿ ಒಂದು ಪಫ್‌ಗೆ 0.5, ಆಗ ಅವನು 12 ಕಿಲೋ ಇದ್ದ, ಎರಡೂ ಮೂಗಿಗೆ ಸೇರಿ ಐದು ಪಫ್ ಬರ್ದಿದ್ರು. ತೂಕ ಏರಿದ ಹಾಗೆ ಬದಲಾಗ್ತದೆ, ಬೇರೆ ಮಗುವಿನ ಲೆಕ್ಕ ನಿಮ್ಮ ಮಗುವಿಗೆ ಹಾಕ್ಬೇಡಿ. ಕೊಟ್ಟ ಮೇಲೆ ಉಸಿರಾಟ ನೋಡ್ತಾ ಇರ್ಬೇಕು, ಆಸ್ಪತ್ರೆಗೆ ಹೊರಡುವುದು ಹೊರಡ್ಲೇಬೇಕು. ಸಾಮಾನ್ಯವಾಗಿ ಐದನೇ ನಿಮಿಷಕ್ಕೆ ಅಂತಾರೆ, ನಮಗೆ ಹಿಂದಿನದ್ದು ನೋಡಿ ಮೂರಕ್ಕೇ ಕೊಡಿ ಅಂದಿದ್ರು. ಇಷ್ಟು ಸಣ್ಣ ಬಾಟ್ಲಿ. ಮೊದಲ ಫಿಟ್ಸ್ ಬಂದಾಗಲೇ ಇಂಥದ್ದೊಂದು ಉಂಟು ಅಂತ ಯಾರಾದ್ರೂ ಹೇಳಿದ್ರೆ, ಅಂತ ಶುರು ಮಾಡಿದ್ರೆ ನನಗೆ ಆ ರಾತ್ರಿ ನಿದ್ದೆ ಇಲ್ಲ.

2021ರಲ್ಲಿ ಒಂದು ಮಧ್ಯಾಹ್ನ ಅದನ್ನು ಬಳಸ್ಬೇಕಾಯ್ತು. ಜ್ವರ ಇರ್ಲಿಲ್ಲ, ಊಟ ಮಾಡ್ತಿದ್ದವ ಬಲಕ್ಕೆ ವಾಲಿದ. ಅತ್ತೆ ಅವನನ್ನು ಎಡಮಗ್ಗುಲಿಗೆ ತಿರುಗಿಸಿ ಬಾಯಿಯ ಅನ್ನ ಹೊರಗೆ ಬರುವ ಹಾಗೆ ಹಿಡಿದು, ಗೋಡೆ ಗಡಿಯಾರ ನೋಡಿ "ಒಂದು ಗಂಟೆ ಏಳು" ಅಂತ ಜೋರಾಗಿ ಹೇಳಿದ್ರು. ಬೀಗದ ಕೈ ತರ್ಲಿಲ್ಲ. ಅಲ್ಲ, ತಂದ್ರು, ಆಮೇಲೆ, ಎಲ್ಲ ನಿಂತ ಮೇಲೆ ಮೆಲ್ಲ ದಿಂಬಿನ ಅಡಿಗೆ ಇಟ್ರು, ನಾನು ನೋಡಿಯೂ ನೋಡದ ಹಾಗೆ ಇದ್ದೆ. ಒಂದು ಹತ್ತಕ್ಕೆ ಸ್ಪ್ರೇ, ಒಂದು ಹನ್ನೆರಡಕ್ಕೆ ನಿಂತಿತು. ಇಚ್ಚನ ಕಾರ್ ಹತ್ತಿ ಆಸ್ಪತ್ರೆಗೆ ಹೋದಾಗ ಅಲ್ಲಿ ಎಷ್ಟು ಹೊತ್ತು ಅಂತ ಕೇಳಿದ್ರು, ಅತ್ತೆಯೇ ಹೇಳಿದ್ರು, ಐದು ನಿಮಿಷ. ಈ ಸಲ ಲೆಕ್ಕ ಸರಿ ಇತ್ತು.

ಈಗ ಅವನು ಮೂರನೇ ಕ್ಲಾಸ್, ಕನ್ನಡ ಮೀಡಿಯಂ. ಎಡಗೈಯಲ್ಲಿ ಬರೀತಾನೆ. ಓಡುವಾಗ ಬಲಗಾಲು ಸ್ವಲ್ಪ ಎಳೀತದೆ. ಮಗ್ಗಿ ಇವತ್ತು ಬಂದದ್ದು ನಾಳೆಗೆ ಮರೀತದೆ, ನಾಡಿದ್ದು ಮತ್ತೆ ಬರ್ತದೆ. ದಿನಕ್ಕೆ ಎರಡು ಸಲ ಮದ್ದು ಉಂಟು, ಮುಂದೆ ಎಂತ ಅಂತ ಸ್ಕ್ಯಾನ್ ನೋಡ್ತಾ ಹೋಗ್ಬೇಕು ಅಂತಾರೆ. ಸ್ಪ್ರೇ ಒಂದು ಮನೆಯಲ್ಲಿ, ಒಂದು ಟೀಚರ ಮೇಜಿನ ಡ್ರಾಯರಿನಲ್ಲಿ. ಹೋದ ತಿಂಗಳು ಮನೆಯದ್ದರ ಡೇಟ್ ಮುಗಿದಿತ್ತು, ಒಂದು ಪಫ್ ಕೂಡ ಖರ್ಚಾಗಿರ್ಲಿಲ್ಲ. ಹೊಸದು ತಂದು ಹಳೇದನ್ನು ಚೆಲ್ಲಿ ಚೆನ್ನಾಗಿ ತೊಳೆದಿಟ್ಟಿದ್ದೆ, ಅದನ್ನು ಇವನು ಎತ್ಕೊಂಡು ಹೋಗಿ ನೀರು ತುಂಬಿಸಿ ಅಂಗಳದ ಕಂಗಿನ ಸಸಿಗೆ ಅಜ್ಜನ ಹಾಗೆ "ಮದ್ದು ಬಿಡ್ತಾ" ಇದ್ದ. ಒತ್ತುವುದು ಬಲಗೈಯ ಹೆಬ್ಬೆರಳಲ್ಲಿ. ಮೂರು ಸಲ ಒತ್ತಿದ್ರೆ ಒಂದು ಸಲ ನೀರು ಬರ್ತದೆ, ಆಗ ತಿರುಗಿ ನನ್ನನ್ನು ನೋಡ್ತಾನೆ.